ಅಪ್ಪನಿಗೆ ಕಣ್ಣು ಕಾಣಿಸಲ್ಲ, ಓಟು ಹಾಕಿಸೋದು ಹೇಗೆ?

ಪ್ರಶ್ನೆ: ಅಪ್ಪನಿಗೆ 71 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿವೆ. ಕಳೆದ ಸಲ ಮತಗಟ್ಟೆಯಲ್ಲಿ ಬೇರೆ ಯಾರೋ ಬಟನ್ ಒತ್ತಿದರು. "ನನ್ನ ಓಟು ಯಾರಿಗೆ ಬಿತ್ತೋ" ಎಂದು ರಾತ್ರಿಯೆಲ್ಲ ಕೊರಗಿದರು. ಈ ಸಲ ನಾನು ಜೊತೆಗೆ ಹೋಗಬಹುದಾ?

ಉತ್ತರ 1: ಖಂಡಿತ ಹೋಗಿ. ನಿಮಗೆ 18 ತುಂಬಿದ್ದರೆ ಸಾಕು. ಆ ದಿನ ಒಬ್ಬರಿಗೆ ಮಾತ್ರ ಜೊತೆಗಾರರಾಗಬಹುದು. ಗುಟ್ಟು ಕಾಪಾಡುತ್ತೇನೆಂದು ಬರೆದುಕೊಡಬೇಕು.

ಉತ್ತರ 2: ನನಗೂ ಕಾಣಿಸಲ್ಲ. ಯಂತ್ರದಲ್ಲಿ ನೀಲಿ ಬಟನ್ ಪಕ್ಕದಲ್ಲೇ ಬ್ರೈಲ್ ಅಂಕಿ ಇರುತ್ತದೆ. ಬೆರಳಾಡಿಸಿ ನಾನೇ ಒತ್ತುತ್ತೇನೆ. ಆ ಬೀಪ್ ಸದ್ದು ಕೇಳಿದಾಗ ಆಗುವ ಸಮಾಧಾನವೇ ಬೇರೆ.

ಉತ್ತರ 3: ಅಂಗವೈಕಲ್ಯ 40% ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮನೆಯಲ್ಲೇ ಓಟು ಹಾಕಲು 12ಡಿ ಅರ್ಜಿ ಕೊಡಿ, ಸಿಬ್ಬಂದಿ ಮನೆಗೇ ಬರುತ್ತಾರೆ. ಚುನಾವಣೆಯ ಅಧಿಸೂಚನೆಯಾದ 5 ದಿನದೊಳಗೆ ಕೊಡಬೇಕು.

ಪ್ರಶ್ನೆ ಕೇಳಿದವರು: ಅಪ್ಪನಿಗೆ ಓದಿ ಹೇಳಿದೆ. ಮನೆಗೆ ಬರೋದು ಬೇಡವಂತೆ. ಬ್ರೈಲ್ ಅಂಕಿ ಕಲಿಸು ಅಂದರು!