ಹಾಲ್‌ಗೆ ಬೀಜ್ (ತಿಳಿ ಕಂದು) ಬಣ್ಣ, ಎರಡ್ರಲ್ಲಿ ಯಾವ್ದು ಹೊಡೆಸ್ಲಿ?

ವಿದ್ಯಾನಗರದವ್ಳು:
ದಾವಣಗೆರೇಲಿ ನಮ್ದು ಹಳೇ ಮನೆ, ಹಾಲ್‌ಗೆ ಒಂದೇ ಕಿಟಕಿ ಅದೂ ಉತ್ತರಕ್ಕೆ, ನೆಲ ರೆಡ್ ಆಕ್ಸೈಡ್. ಅಮೆರಿಕದಲ್ಲಿರೋ ನಮ್ಮಕ್ಕ ಶೆರ್ವಿನ್ ವಿಲಿಯಮ್ಸ್ ಅನ್ನೋ ಪೇಂಟ್ ಕಂಪನಿಯ ಆಕ್ಸೆಸಿಬಲ್ ಬೀಜ್ ಅನ್ನೋ ಶೇಡ್ ಹೊಡೆಸಿದಾಳೆ, ಅದ್ರ ಮುಂದಿನ ಶೇಡ್ ಬ್ಯಾಲೆನ್ಸ್ಡ್ ಬೀಜ್ ಅಂತೆ, ಫೋಟೋದಲ್ಲಿ ಎರಡೂ ಒಂದೇ ಥರ ಕಾಣ್ತವೆ. ಇಲ್ಲಿ ಅಂಗಡೀಲಿ ಹತ್ತಿರದ ಶೇಡ್ ಮಿಕ್ಸ್ ಮಾಡಿಕೊಡ್ತೀವಿ ಅಂದ್ರು. ಅಮ್ಮ ಸುಮ್ನೆ ಕೆನೆ ಬಣ್ಣ ಹೊಡ್ಸು ಅಂತಾರೆ. ಹೊಡೆಸಿದೋರು ಯಾರಾದ್ರೂ ಹೇಳ್ರಿ.

ಬ್ರಷ್ಷು ರೋಲರ್ರು:
ಒಂದೇ ಥರ ಅಲ್ಲ ಮೇಡಂ. ಎಲ್‌ಆರ್‌ವಿ ನೋಡ್ರಿ, ಅಂದ್ರೆ ಗೋಡೆ ಎಷ್ಟು ಬೆಳಕು ವಾಪಸ್ ಕೊಡ್ತತೆ ಅನ್ನೋ ಲೆಕ್ಕ, ಅಚ್ಚ ಕಪ್ಪು 0 ಅಚ್ಚ ಬಿಳಿ 100. ಆಕ್ಸೆಸಿಬಲ್ 58, ಬ್ಯಾಲೆನ್ಸ್ಡ್ 46. ಅಂಗೈ ಅಗಲದ ಶೇಡ್ ಕಾರ್ಡಲ್ಲಿ ಇದು ಗೊತ್ತಾಗಲ್ಲ, ನಾಲ್ಕೂ ಗೋಡೆಗೆ ಹೊಡೆದಾಗ ಗೊತ್ತಾಗ್ತತೆ. ಒಂದೇ ಉತ್ತರದ ಕಿಟಕಿಗೆ 46 ಬ್ಯಾಡ, ಮಧ್ಯಾಹ್ನನೂ ಲೈಟ್ ಹಾಕ್ಬೇಕಾಗ್ತತೆ. ಇನ್ನೊಂದು, ಬಲ್ಬ್ ಯಾವ್ದೈತೆ? 6500 ಕೆಲ್ವಿನ್ ಬಿಳಿ ಟ್ಯೂಬ್ ಕೆಳಗೆ ಬೀಜ್ ಬೂದಿ ಬೂದಿ ಕಾಣ್ತತೆ, 3000ದ್ದು ಹಾಕಿದ್ರೆ ಬೆಚ್ಚಗಿರ್ತತೆ.

ಕೋಟೆ ಊರಿನವ:
ದುರ್ಗದಲ್ಲಿ ನಮ್ಮನೇದೂ ಕೆಂಪು ನೆಲಾನೆ. ಬಿಸಿಲು ನೆಲಕ್ಕೆ ಬಿದ್ದಾಗ ಮೊಣಕಾಲೆತ್ತರದವರೆಗೆ ಗೋಡೆ ಗುಲಾಬಿ ಬಣ್ಣಕ್ಕೆ ತಿರುಗ್ತತೆ, ಮೇಲೆ ಬೇರೆ ಕೆಳಗೆ ಬೇರೆ. ಇದನ್ನ ನೋಡ್ದೆ ಕಾರ್ಡ್ ನಂಬಿ ಹೊಡೆಸಿ ನಾನು ಹಾಲ್ ಮತ್ತೆ ಹೊಡೆಸ್ಬೇಕಾಯ್ತು, ಈಗಲೂ ನೆನೆಸ್ಕೊಂಡ್ರೆ ಹೊಟ್ಟೆ ಉರೀತತೆ. ದಯವಿಟ್ಟು ಎರಡೂ ಶೇಡ್ ಸ್ವಲ್ಪ ತಗೊಂಡು, ಬಿಳಿ ಪ್ರೈಮರ್ ಹೊಡೆದ ಹಲಗೆಗೆ ಎರಡು ಕೋಟ್ ಹೊಡೀರಿ, ಒಣಗೋವರೆಗೆ ತೀರ್ಮಾನ ಮಾಡ್ಬೇಡ್ರಿ, ಯಾಕಂದ್ರೆ ಎಮಲ್ಷನ್ ಪೇಂಟ್ ಸಾಮಾನ್ಯವಾಗಿ ಒಣಗಿದ್ಮೇಲೆ ಗಾಢ ಆಗ್ತತೆ. ಆಮೇಲೆ ಹಲಗೇನ ನೆಲಕ್ಕೆ ತಾಗೋ ಹಂಗೆ ಗೋಡೆಗೆ ಒರಗಿಸಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ನೋಡ್ರಿ. ಮತ್ತೆ ಹೊಳಪೇ ಇಲ್ಲದ ಪೂರ್ತಿ ಮ್ಯಾಟ್ ಪೇಂಟ್ ಬ್ಯಾಡ, ನಮ್ ಕಡೆ ಗಾಳಿ ಧೂಳು ಗೊತ್ತಲ್ಲ, ಒರೆಸಕ್ಕೆ ಬರೋದು ತಗೊಳ್ರಿ.

ವಿದ್ಯಾನಗರದವ್ಳು:
ಎರಡು ದಿನ ಇಟ್ಟು ನೋಡಿದ್ವಿ ಅಣ್ಣ. ಸಂಜೆ ಆರಕ್ಕೆ ಗಾಢದ್ದು ಒದ್ದೆ ರಟ್ಟಿನ ಥರ ಕಂಡ್ತು, ತಿಳಿ ಬಣ್ಣದ ಆಕ್ಸೆಸಿಬಲ್ ಮಾತ್ರ ಕೆಂಪು ನೆಲದ ಪಕ್ಕ ಕಾಯಿಸಿದ ಹಾಲಿನ ಕೆನೆ ಇದ್ದಂಗಿತ್ತು, ಅಮ್ಮನೇ ಅದನ್ನ ಮುಟ್ಟಿ "ಇದೇ ಇರ್ಲಿ" ಅಂದ್ರು. ಟ್ಯೂಬ್ ಬಿಚ್ಚಿಸಿ 3000ದ್ದು ಹಾಕ್ಸಿದೀನಿ, ಸೋಮವಾರದಿಂದ ಪುಟ್ಟಿ ಕೆಲಸ ಶುರು.