'ಪ್ರಗತಿ' ಅಂದರೆ ಯಾವ ಪ್ರಗತಿ? ಹಲವು ದೇಶಗಳ ಕಡಲಿಗೆ ಕನ್ನಡದ ಪದಗಳು

ಗೆಳೆಯರೇ, ನಮಸ್ಕಾರ.

ಒಂದೇ ಕಡಲಿನ ಸುತ್ತ ಇರುವ ಹಲವು ದೇಶಗಳು ಸೇರಿ ಆ ಕಡಲನ್ನು ಹೇಗೆ ನೋಡಿಕೊಳ್ಳುತ್ತಿವೆ, ಆ ಕೆಲಸ ಎಷ್ಟು ಮುಂದೆ ಹೋಗಿದೆ ಅಂತ ಅಳೆಯುವ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಿಷಯ ಅಷ್ಟೇನೂ ಕಷ್ಟದ್ದಲ್ಲ. ಪದಗಳೇ ಕೈಕೊಡುತ್ತಿವೆ. ಮೂರ್ನಾಲ್ಕು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಚಿಕ್ಕವನ್ನು ಮೊದಲು ಮುಗಿಸಿಬಿಡುತ್ತೇನೆ. ನಿಜವಾದ ತಲೆನೋವು 'ಪ್ರಗತಿ'.

ಮೊದಲನೆಯದು 'ಹಂಚಿಕೊಂಡ ಆಡಳಿತ'. ಹೀಗೆ ಬರೆದದ್ದನ್ನು ನೋಡಿದ್ದೇನೆ, ಆದರೆ ನನಗೆ ಒಗ್ಗುವುದಿಲ್ಲ. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡರು ಅಂದರೆ ಬೇರೆಯಾದರು ಅಂತ ಅರ್ಥ, ಅಲ್ವಾ? ಇಲ್ಲಿ ಹೇಳಬೇಕಾಗಿರುವುದು ಅದರ ಉಲ್ಟಾ. ಹಂಚಲು ಆಗದ್ದನ್ನು ಎಲ್ಲರೂ ಕೂಡಿ ನೋಡಿಕೊಳ್ಳುವುದು. 'ಜಂಟಿ ಆಡಳಿತ' ಪರವಾಗಿಲ್ಲ, ಆದರೆ ಬ್ಯಾಂಕ್ ಖಾತೆಯ ವಾಸನೆ ಹೊಡೆಯುತ್ತದೆ. ನನಗೆ ಇಷ್ಟವಾದದ್ದು 'ಕೂಡು ಆಡಳಿತ'. ಕೂಡುಕುಟುಂಬ ಇರುವ ಭಾಷೆಯಲ್ಲಿ ಇದು ಯಾರಿಗೂ ಹೊಸದು ಅನ್ನಿಸಬಾರದು. ಸಂಧಿ ಮಾಡಿ 'ಕೂಡಾಡಳಿತ' ಅಂತ ಮಾತ್ರ ದಯವಿಟ್ಟು ಸೂಚಿಸಬೇಡಿ, ನಾಲಿಗೆ ಹೊರಳುವುದಿಲ್ಲ.

'ಆಡಳಿತ' ಅನ್ನುವುದೂ ಪೂರ್ತಿ ಸರಿ ಅಂತ ಹೇಳುತ್ತಿಲ್ಲ. ಆ ಪದ ಕೇಳಿದರೆ ಕಚೇರಿ, ಫೈಲು, ಅಧಿಕಾರಿ ನೆನಪಾಗುತ್ತಾರೆ. ಹಲವು ದೇಶಗಳ ಕಡಲಿಗೆ ಆಳುವವರು ಅಂತ ಯಾರೂ ಇಲ್ಲ. ಒಂದು ಒಪ್ಪಂದ, ಒಂದು ಆಯೋಗ, ಮೀನುಗಾರರ ಸಂಘಗಳು, ವಿಜ್ಞಾನಿಗಳು, ಬಂದರಿನವರು, ಎಲ್ಲರೂ ಎಳೆದಾಡಿ ಒಂದು ತೀರ್ಮಾನಕ್ಕೆ ಬರುವುದನ್ನೇ ಇಲ್ಲಿ ಆಡಳಿತ ಅನ್ನಬೇಕು. ಆದರೂ ಇ-ಆಡಳಿತ, ಉತ್ತಮ ಆಡಳಿತ ಅಂತ ಬಳಸಿ ಬಳಸಿ ಆ ಪದದ ಅರ್ಥ ಈಗಾಗಲೇ ಸ್ವಲ್ಪ ಹಿಗ್ಗಿದೆ. ಹಾಗಾಗಿ ಬಿಡುವುದಿಲ್ಲ.

ಎರಡನೆಯದು 'ಪ್ರಾದೇಶಿಕ'. ಇದು ನಿಜಕ್ಕೂ ಅಪಾಯಕಾರಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 1974ರಲ್ಲಿ ಶುರುಮಾಡಿದ ಯೋಜನೆಯನ್ನು ನಾವು ಸಹಜವಾಗಿ 'ಪ್ರಾದೇಶಿಕ ಸಮುದ್ರ ಕಾರ್ಯಕ್ರಮ' ಅನ್ನುತ್ತೇವೆ. ಅಲ್ಲಿ ಅರ್ಥ, ಮೆಡಿಟರೇನಿಯನ್ ಥರ ಹಲವು ದೇಶಗಳು ಸುತ್ತುವರಿದ ಕಡಲು. ಆದರೆ ದಡದಿಂದ 12 ನಾಟಿಕಲ್ ಮೈಲಿವರೆಗಿನ, ಒಂದೇ ದೇಶಕ್ಕೆ ಸೇರಿದ ನೀರಿಗೂ ನಮ್ಮ ಪತ್ರಿಕೆಗಳು 'ಪ್ರಾದೇಶಿಕ ಜಲ' ಅನ್ನುತ್ತವೆ. ಒಂದೇ ವಿಶೇಷಣ, ಒಂದು ಕಡೆ 'ಎಲ್ಲರದ್ದು', ಇನ್ನೊಂದು ಕಡೆ 'ನಮ್ಮದು ಮಾತ್ರ'. ಗಡಿ ದಾಟಿದ ದೋಣಿಗಳ ಸುದ್ದಿಯಲ್ಲಿ ಈ ಎರಡೂ ಒಂದೇ ಪ್ಯಾರಾದಲ್ಲಿ ಬಂದರೆ ಓದುಗನ ಗತಿ ಏನು? ಮೊದಲನೆಯದಕ್ಕೆ 'ವಲಯ ಕಡಲು' ಅಥವಾ ಸುಮ್ನೆ 'ಹಲವು ದೇಶಗಳ ಕಡಲು' ಅಂತ ಬರೆಯೋಣ ಅನ್ನಿಸುತ್ತಿದೆ. ಉದ್ದವಾಯಿತು, ಆದರೆ ತಪ್ಪು ತಿಳಿಯುವ ಭಯವಿಲ್ಲ.

ಈಗ 'ಪ್ರಗತಿ'ಗೆ ಬರುತ್ತೇನೆ.

ಕೆನೆತ್ ಶೆರ್ಮನ್ ಅನ್ನುವ ಅಮೆರಿಕದ ವಿಜ್ಞಾನಿ ಮತ್ತು ಜೊತೆಯವರು 1980ರ ದಶಕದಲ್ಲಿ ಒಂದು ವಿಚಾರ ಮುಂದಿಟ್ಟರು. ಕಡಲನ್ನು ದೇಶಗಳ ಗಡಿ ನೋಡಿ ಭಾಗ ಮಾಡಬೇಡಿ. ನೆಲದ ಆಳ, ನೀರಿನ ಹರಿವು, ಅಲ್ಲಿ ಬೆಳೆಯುವ ಜೀವರಾಶಿ, ಯಾವುದನ್ನು ಯಾವುದು ತಿನ್ನುತ್ತದೆ, ಇವನ್ನು ನೋಡಿ ಭಾಗ ಮಾಡಿ ಅಂತ. ಹಾಗೆ ಗುರುತಿಸಿದ ದೊಡ್ಡ ಕಡಲ ವ್ಯವಸ್ಥೆಗಳು ಈಗ 66 ಇವೆ. ಅರಬ್ಬಿ ಸಮುದ್ರ ಒಂದು, ಬಂಗಾಳ ಕೊಲ್ಲಿ ಇನ್ನೊಂದು. ಬಂಗಾಳ ಕೊಲ್ಲಿಯ ಯೋಜನೆಯಲ್ಲಿ ಮಾಲ್ಡೀವ್ಸ್‌ನಿಂದ ಇಂಡೊನೇಷ್ಯಾವರೆಗೆ 8 ದೇಶಗಳಿದ್ದವು. ಇಂಥ ಕಡೆಗಳಲ್ಲೆಲ್ಲ ಹಣ ಕೊಟ್ಟವರು ಕೇಳುವ ಮೊದಲ ಪ್ರಶ್ನೆ: ಪ್ರಗತಿ ಎಷ್ಟು?

ನಮ್ಮಲ್ಲಿ ಪ್ರಗತಿ ಅಂದರೆ ಏನು ಅಂತ 'ಪ್ರಗತಿ ಪರಿಶೀಲನಾ ಸಭೆ'ಯ ಸುದ್ದಿ ಓದಿದವರಿಗೆಲ್ಲ ಗೊತ್ತು. 'ಆರ್ಥಿಕ ಪ್ರಗತಿ' ಅಂದರೆ ದುಡ್ಡು ಖರ್ಚಾಯಿತು. 'ಭೌತಿಕ ಪ್ರಗತಿ' ಅಂದರೆ ಕಾಮಗಾರಿ ಮುಗಿಯಿತು. ಅದರಿಂದ ಯಾರಿಗಾದರೂ ಉಪಯೋಗವಾಯಿತಾ ಅನ್ನುವುದಕ್ಕೆ ಮೂರನೆಯ ಹೆಸರೇ ಇಲ್ಲ. ಕಡಲಿನ ವಿಷಯದಲ್ಲಿ ಈ ಕೊರತೆ ನೇರವಾಗಿ ಅಡ್ಡ ಬರುತ್ತದೆ. ಯಾಕೆಂದರೆ ಜಾಗತಿಕ ಪರಿಸರ ಸೌಲಭ್ಯ (ಜಿಇಎಫ್) ಅನ್ನುವ ಅಂತರರಾಷ್ಟ್ರೀಯ ನಿಧಿ ಇಂಥ ಯೋಜನೆಗಳಿಗೆ ದುಡ್ಡು ಕೊಡುವಾಗ ಮೂರು ಬಗೆಯ ಸೂಚಕಗಳನ್ನು ಬೇರೆಬೇರೆ ಇಡುತ್ತಾ ಬಂದಿದೆ. ಒಂದು, ಕೂಡಿ ಕೆಲಸ ಮಾಡುವ ವ್ಯವಸ್ಥೆ ಕಟ್ಟಿದ್ದೀರಾ: ಸಮಿತಿ, ಒಪ್ಪಂದ, ಕಾನೂನು, ಎಲ್ಲರೂ ಒಪ್ಪಿದ ಕ್ರಿಯಾ ಯೋಜನೆ. ಎರಡು, ಕಡಲಿನ ಮೇಲಿನ ಹೊರೆ ಕಮ್ಮಿಯಾಯಿತಾ: ಕೊಳಚೆ, ಗೊಬ್ಬರ, ಮಿತಿಮೀರಿದ ಮೀನುಗಾರಿಕೆ. ಮೂರು, ಕಡಲೇ ಸುಧಾರಿಸಿತಾ. ಮೂರನ್ನೂ 'ಪ್ರಗತಿ' ಅಂತ ಒಂದೇ ಪದದಲ್ಲಿ ಬರೆದರೆ, ಸಭೆ ನಡೆಸಿ ಸಹಿ ಹಾಕಿದವರು ಕಡಲನ್ನೇ ಉಳಿಸಿದಂತೆ ಕಾಣುತ್ತದೆ.

ಆಫ್ರಿಕಾದ ನೈಋತ್ಯ ಕರಾವಳಿಯುದ್ದಕ್ಕೂ ಹರಿಯುವ ಬೆಂಗೆಲಾ ಎಂಬ ಕಡಲ ಪ್ರವಾಹದ ಉದಾಹರಣೆ ನೋಡಿ. ಅಂಗೋಲಾ, ನಮೀಬಿಯಾ, ದಕ್ಷಿಣ ಆಫ್ರಿಕಾ, ಈ ಮೂರು ದೇಶಗಳು 2007ರಲ್ಲಿ ಒಂದು ಆಯೋಗ ಮಾಡಿಕೊಂಡು, 2013ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಇದು ಸಣ್ಣ ಮಾತಲ್ಲ. ಯುದ್ಧ, ವರ್ಣಭೇದ ಕಂಡ ಮೂರು ದೇಶಗಳು ಒಂದು ಮೇಜಿಗೆ ಬಂದು ಕೂತದ್ದು ದೊಡ್ಡದೇ. ಆದರೆ ಇದು ಮೊದಲನೇ ಬಗೆಯ ಪ್ರಗತಿ. ಅಲ್ಲಿನ ಸಾರ್ಡಿನ್ ಮೀನು ಎಷ್ಟಿದೆ ಅನ್ನುವುದಕ್ಕೆ ಆ ಸಹಿ ಉತ್ತರ ಕೊಡುವುದಿಲ್ಲ.

ಇನ್ನು ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರ. ಇದನ್ನು ಓದಿದ ಮೇಲೆ ನನಗೆ ಒಂದೇ ಪದ ಸಾಲದು ಅಂತ ಖಾತ್ರಿಯಾಯಿತು. ಸುತ್ತಲಿನ ದೇಶಗಳು 1974ರಲ್ಲೇ ಹೆಲ್ಸಿಂಕಿ ಒಪ್ಪಂದ ಮಾಡಿಕೊಂಡವು. ಅದನ್ನು ನೋಡಿಕೊಳ್ಳುವ ಆಯೋಗಕ್ಕೆ ಹೆಲ್ಕಾಮ್ ಅಂತ ಹೆಸರು. ಅಂದರೆ ಮೊದಲನೇ ಬಗೆಯಲ್ಲಿ ಪೂರ್ತಿ ಅಂಕ. ಎರಡನೇ ಬಗೆಯಲ್ಲೂ ಕೆಲಸವಾಗಿದೆ. ಊರುಗಳ ಕೊಳಚೆ ನೀರು ಶುದ್ಧ ಮಾಡಿದ್ದರಿಂದ ಕಡಲಿಗೆ ಸೇರುವ ರಂಜಕ (ಪಾಚಿಗೆ ಗೊಬ್ಬರವಾಗುವ ಫಾಸ್ಫರಸ್) 1980ರ ದಶಕಕ್ಕಿಂತ ಬಹಳ ಇಳಿದಿದೆ. ಹಾಗಾದರೆ ಕಡಲು ಸುಧಾರಿಸಿರಬೇಕಲ್ವಾ? ಅಲ್ಲೇ ಗಂಟು ಬಿದ್ದಿದೆ. ಬಾಲ್ಟಿಕ್‌ನ ಬಾಯಿ ಕಿರಿದು, ಒಳಗಿನ ನೀರು ಬದಲಾಗಲು ಸುಮಾರು 30 ವರ್ಷ ಬೇಕು. ಹಿಂದಿನ ದಶಕಗಳಲ್ಲಿ ಸೇರಿದ ರಂಜಕ ತಳದ ಕೆಸರಲ್ಲಿ ಕೂತಿದೆ. ತಳದಲ್ಲಿ ಆಮ್ಲಜನಕ ಕಮ್ಮಿಯಾದಾಗ ಅದು ಮತ್ತೆ ನೀರಿಗೆ ಬರುತ್ತದೆ, ಪಾಚಿ ಬೆಳೆಯುತ್ತದೆ, ಪಾಚಿ ಸತ್ತು ಕೊಳೆತು ಇನ್ನಷ್ಟು ಆಮ್ಲಜನಕ ತಿನ್ನುತ್ತದೆ. 2007ರಲ್ಲಿ ಮಾಡಿದ ಕ್ರಿಯಾ ಯೋಜನೆ 2021ರೊಳಗೆ ಕಡಲನ್ನು ಒಳ್ಳೆಯ ಸ್ಥಿತಿಗೆ ತರುವ ಗುರಿ ಇಟ್ಟಿತ್ತು. ಆಗಲಿಲ್ಲ. ಅದೇ 2021ರಲ್ಲಿ ಯೋಜನೆಯನ್ನು ಹೊಸದಾಗಿ ಬರೆದು 2030ಕ್ಕೆ ಮುಂದೂಡಿದರು. ಹೊರೆ ಇಳಿದಿದೆ, ಸ್ಥಿತಿ ಬದಲಾಗಿಲ್ಲ. ಇದನ್ನು ಒಂದೇ ವಾಕ್ಯದಲ್ಲಿ 'ಪ್ರಗತಿಯಾಗಿದೆ, ಪ್ರಗತಿಯಾಗಿಲ್ಲ' ಅಂತ ಬರೆದರೆ ಸಂಪಾದಕರು ವಾಪಸ್ ಕಳಿಸುತ್ತಾರೆ. ಅದೇ ಕಡಲಲ್ಲಿ ಡಿಡಿಟಿ, ಪಿಸಿಬಿ ಅನ್ನುವ ವಿಷಕಾರಿ ರಾಸಾಯನಿಕಗಳು ನಿಷೇಧವಾದ ಮೇಲೆ ಬಿಳಿಬಾಲದ ಹದ್ದು, ಬೂದು ಸೀಲ್ ಚೆನ್ನಾಗಿ ಚೇತರಿಸಿಕೊಂಡವು ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಚಿತ್ರ ಪೂರ್ತಿ ಕಪ್ಪಾಗುತ್ತದೆ.

ನಾನು ಯೋಚಿಸಿರುವ ಪದಗಳು ಹೀಗಿವೆ. ಮೊದಲನೆಯದಕ್ಕೆ 'ಏರ್ಪಾಟಿನ ಸೂಚಕ'. 'ಪ್ರಕ್ರಿಯಾ ಸೂಚಕ' ಅಂತ ನೇರವಾಗಿ ತರಬಹುದು, ಆದರೆ ಏರ್ಪಾಟು ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಎರಡನೆಯದಕ್ಕೆ 'ಹೊರೆ ಇಳಿಕೆಯ ಸೂಚಕ'. ಇಲ್ಲಿ 'ಒತ್ತಡ' ಬೇಡ ಅಂತ ನನ್ನ ವಾದ. ಒತ್ತಡ ಈಗ ರಕ್ತದ್ದು, ಕೆಲಸದ್ದು, ಪರೀಕ್ಷೆಯದ್ದು ಆಗಿಬಿಟ್ಟಿದೆ; ಕಡಲಿಗೆ ಒತ್ತಡ ಅಂದರೆ ಯಾರೋ ಅದಕ್ಕೆ ಯೋಗ ಹೇಳಿಕೊಡಬೇಕೇನೋ ಅನ್ನಿಸುತ್ತದೆ. ಮೂರನೆಯದಕ್ಕೆ 'ಸ್ಥಿತಿ ಸೂಚಕ'. ಇದರ ಬಗ್ಗೆ ಜಗಳವಿಲ್ಲ ಅಂದುಕೊಂಡಿದ್ದೇನೆ. ಒಂದು ಸಣ್ಣ ಮಾತು: ಮೂರೂ ಸೂಚಕಗಳು, ಸೂಚ್ಯಂಕಗಳಲ್ಲ. ಹಲವನ್ನು ಸೇರಿಸಿ ಒಂದು ಅಂಕಿ ಮಾಡಿದರೆ ಮಾತ್ರ ಸೂಚ್ಯಂಕ. ಪತ್ರಿಕೆಗಳಲ್ಲಿ ಎರಡೂ ಕಲಸಿಹೋಗಿವೆ.

ಈ ಪದಗಳನ್ನು ಒಂದು ನಿಜವಾದ ಸಂಗತಿಯ ಮೇಲೆ ಹಾಕಿ ನೋಡಿದೆ. ಬಂಗಾಳ ಕೊಲ್ಲಿಯಲ್ಲಿ ಭಾರತದ ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ಮೀನುಗಾರಿಕೆ ನಿಷೇಧ. ಬಾಂಗ್ಲಾದೇಶದ್ದು ಮೇ 20ರಿಂದ ಜುಲೈ 23ರವರೆಗೆ, 65 ದಿನ ಇತ್ತು. ಲೆಕ್ಕ ಹಾಕಿದರೆ ಎರಡೂ ಕಡೆ ಒಟ್ಟಿಗೆ ಬಲೆ ಕೆಳಗಿಟ್ಟಿರುವುದು 26 ದಿನ ಮಾತ್ರ. ನಾವು ದಡದಲ್ಲಿ ಕೂತಾಗ ಪಕ್ಕದವರು ಬಂದು ಹಿಡಿಯುತ್ತಾರೆ ಅಂತ ಬಾಂಗ್ಲಾದ ಮೀನುಗಾರರು ವರ್ಷಗಟ್ಟಲೆ ದೂರಿದರು. 2025ರಲ್ಲಿ ಅಲ್ಲಿನ ಸರ್ಕಾರ ದಿನಾಂಕ ಬದಲಿಸಿ ಏಪ್ರಿಲ್ 15ರಿಂದ ಜೂನ್ 11 ಅಂತ, 58 ದಿನ ಮಾಡಿತು. ಒಟ್ಟು ನಿಷೇಧ 7 ದಿನ ಕಮ್ಮಿಯಾಯಿತು, ಆದರೆ ಇಬ್ಬರೂ ಒಟ್ಟಿಗೆ ನಿಲ್ಲಿಸುವ ದಿನ 26ರಿಂದ 58ಕ್ಕೆ ಏರಿತು. ಇದು ಪ್ರಗತಿಯಾ? ಏರ್ಪಾಟಿನ ಸೂಚಕದಲ್ಲಿ ಖಂಡಿತ ಹೌದು. ಹೊರೆ ಇಳಿಯಿತಾ ಅನ್ನಲು ಆ ದಿನಗಳಲ್ಲಿ ಬೋಟುಗಳು ನಿಜವಾಗಿ ಹೊರಗೆ ಹೋಗಲಿಲ್ಲವಾ, ನಿಷೇಧ ಮುಗಿದ ಮರುದಿನದಿಂದ ಎಷ್ಟು ಹಿಡಿದರು, ಎಲ್ಲ ನೋಡಬೇಕು. ಸ್ಥಿತಿ ಸೂಚಕಕ್ಕೆ ಇನ್ನೂ ಹಲವು ವರ್ಷ ಕಾಯಬೇಕು. ಮೂರು ಪದ ಇದ್ದರೆ ಇಷ್ಟನ್ನೂ ಜಗಳವಿಲ್ಲದೆ ಹೇಳಬಹುದು.

ನಾಲ್ಕನೆಯದೂ ಬೇಕಾ ಅನ್ನುವ ಅನುಮಾನವಿದೆ. ಕೆರಿಬಿಯನ್ ಕಡಲಿಗೆ ಅಳತೆಗೋಲು ಮಾಡಿದವರು ಜನರನ್ನೂ ಸೇರಿಸಿಕೊಂಡರು: ತೀರ್ಮಾನ ಮಾಡುವಾಗ ಸಂಬಂಧಪಟ್ಟವರನ್ನು ಕೇಳಿದರಾ, ಕೊನೆಗೆ ಅವರ ಬದುಕು ಸುಧಾರಿಸಿತಾ ಅಂತ. ನನಗೆ ಇದು ಸರಿ ಅನ್ನಿಸುತ್ತದೆ, ಯಾಕೆಂದರೆ ಮೀನು ಹೆಚ್ಚಾಗಿ ಮೀನುಗಾರ ಸಾಲದಲ್ಲೇ ಉಳಿದರೆ ಮುಂದಿನ ಸಲ ನಿಷೇಧವನ್ನು ಯಾರು ಪಾಲಿಸುತ್ತಾರೆ? 'ಬದುಕಿನ ಸೂಚಕ' ಅಂದರೆ ಸಾಕಾ, ತುಂಬಾ ಅಗಲವಾಯಿತಾ?

ಕೊನೆಯದಾಗಿ, ಮೀನುಗಾರಿಕೆ ಬಲ್ಲವರಿಗೆ ಒಂದು ಪ್ರಶ್ನೆ. ಎಷ್ಟು ಬೋಟು, ಎಷ್ಟು ದೊಡ್ಡ ಇಂಜಿನ್, ಎಷ್ಟು ದಿನ, ಎಷ್ಟು ಬಲೆ, ಇವೆಲ್ಲ ಸೇರಿಸಿದ ಅಳತೆಗೆ 'ಮೀನುಗಾರಿಕಾ ಪ್ರಯತ್ನ' ಅಂತ ಬರೆಯುತ್ತಾರೆ. ಬರೀ ಬೋಟು ಎಣಿಸಿದರೆ ಸಾಲದು, 10 ಬೋಟು ಕಮ್ಮಿಯಾಗಿ ಉಳಿದವಕ್ಕೆ ದೊಡ್ಡ ಇಂಜಿನ್ ಬಂದರೆ ಹೊರೆ ಇಳಿಯುವುದಿಲ್ಲ, ಹಾಗಾಗಿ ಈ ಅಳತೆಗೆ ಒಂದು ಗಟ್ಟಿ ಪದ ಬೇಕೇ ಬೇಕು. ಆದರೆ 'ಪ್ರಯತ್ನ ಶೇ 25 ಇಳಿಯಿತು' ಅಂತ ಬರೆದರೆ ಮೀನುಗಾರರು ಸೋಮಾರಿಗಳಾದರು ಅಂತ ಓದುಗರು ತಿಳಿಯುತ್ತಾರೆ. ಕರಾವಳಿಯಲ್ಲಿ ದುಡಿಯುವವರು ಇದಕ್ಕೆ ಏನನ್ನುತ್ತಾರೆ? 'ಹಿಡಿತದ ಬಲ' ಅಂತ ಒಂದು ಹೊಳೆದಿದೆ, ಅಷ್ಟು ಸಮಾಧಾನ ಇಲ್ಲ. ಬಾಯಲ್ಲಿ ಬಳಕೆಯಲ್ಲಿರುವ ಪದ ಇದ್ದರೆ ಅದೇ ಬೇಕು, ನಿಘಂಟಿನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ.