ಪ್ರೊಜೆಸ್ಟೆರಾನ್ ಕಮ್ಮಿ ಅಂತ ರಿಪೋರ್ಟ್ ಬಂದಿದೆ, ದಿನ ತುಂಬೋ ಮುಂಚೆ ಹೆರಿಗೆ ಆಗ್ಬಿಡುತ್ತಾ?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ನನಗೀಗ 20 ವಾರ, ಎರಡನೇದು. ಮೊದಲನೇ ಮಗ 33 ವಾರಕ್ಕೇ ಹುಟ್ಟಿಬಿಟ್ಟ, ಯಾಕೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ, ತಾನಾಗೇ ನೋವು ಶುರುವಾಗಿತ್ತು. ಎನ್‌ಐಸಿಯುನಲ್ಲಿ ಇಟ್ಟಿದ್ರು, ಈಗ ದೇವರ ದಯೆಯಿಂದ ಆರಾಮಾಗಿದಾನೆ, ಆದ್ರೆ ಮೂಗಿಗೆ ಪೈಪ್ ಹಾಕಿ ಮಲಗಿಸಿದ್ದ ಆ ಪುಟ್ಟ ಮೈ ಇವತ್ತಿಗೂ ಕಣ್ಣಮುಂದಿಂದ ಹೋಗಲ್ಲ.

ಈ ಸಲ ಭಯಕ್ಕೆ ರಕ್ತದಲ್ಲಿ ಪ್ರೊಜೆಸ್ಟೆರಾನ್ ಟೆಸ್ಟ್ ಮಾಡಿಸ್ದೆ, ಲ್ಯಾಬಿನವರು ಕೊಟ್ಟಿರೋ ರೇಂಜಲ್ಲಿ ತೀರಾ ಕೆಳಗಡೆ ಬಂದಿದೆ. ಡಾಕ್ಟರಿಗೆ ತೋರಿಸಿದ್ರೆ ಆ ನಂಬರ್ ಬಿಟ್ಬಿಡಿ ಅಂತ ಹೇಳಿ ಒಳಗಿಂದ ಮಾಡೋ ಸ್ಕ್ಯಾನ್ ಬರೆದ್ಕೊಟ್ರು, ಗರ್ಭಕೋಶದ ಬಾಯಿ ಎಷ್ಟು ಉದ್ದ ಇದೆ ಅಂತ ನೋಡ್ಬೇಕಂತೆ. ಹಾರ್ಮೋನ್ ಕಮ್ಮಿ ಇದ್ರೆ ಹಾರ್ಮೋನ್ ಕೊಡ್ಬೇಕಲ್ವಾ, ಸ್ಕ್ಯಾನ್ ಯಾಕೆ ಅನ್ನೋದೇ ನನ್ನ ಪ್ರಶ್ನೆ. ನಮ್ಮ ನಾದಿನಿ ಅವಳ ಟೈಮಲ್ಲಿ ವಾರಕ್ಕೊಂದು ಹಾರ್ಮೋನ್ ಇಂಜೆಕ್ಷನ್ ತಗೊಂಡಿದ್ಲು, ನೀನೂ ಕೇಳು ಅಂತಿದಾಳೆ. ಇನ್ನೊಂದು, ಹೆರಿಗೆ ಯಾವಾಗ ಅಂತ ಪ್ಲಾಸೆಂಟಾದ (ಮಾಸಿನ) ಯಾವುದೋ ಹಾರ್ಮೋನ್ ಮೊದಲೇ ತೀರ್ಮಾನ ಮಾಡುತ್ತೆ ಅಂತ ಓದಿದೆ, ಅದಕ್ಕೆ ಟೆಸ್ಟ್ ಇದ್ಯಾ? ಮತ್ತೆ ನಾನು ಇಷ್ಟೊಂದು ಟೆನ್ಷನ್ ಮಾಡ್ಕೊಳ್ತಿರೋದ್ರಿಂದಲೇ ಏನಾದ್ರೂ ಆಗುತ್ತಾ? ರಾತ್ರಿ ನಿದ್ದೇನೇ ಬರ್ತಿಲ್ಲ.

ಎರಡುಮಕ್ಕಳಮ್ಮ:
ಮೊದಲು ಆ ಸ್ಕ್ಯಾನ್ ಮಾಡಿಸ್ಕೊಳ್ಳಮ್ಮ, ತಡ ಮಾಡ್ಬೇಡ. ನಂಗೆ ಎರಡನೇ ಸಲ ಅದರಲ್ಲೇ ಗೊತ್ತಾಗಿದ್ದು. ನೋವಿಲ್ಲ, ಬ್ಲೀಡಿಂಗ್ ಇಲ್ಲ, ಹೊಟ್ಟೆ ಗಟ್ಟಿ ಆಗ್ತಿರ್ಲಿಲ್ಲ, ಆದ್ರೂ ಬಾಯಿಯ ಉದ್ದ ಕಮ್ಮಿ ಆಗಿ ಚಿಕ್ಕದಾಗಿತ್ತು. ದಿನಾ ರಾತ್ರಿ ಮಲಗೋ ಮುಂಚೆ ಪ್ರೊಜೆಸ್ಟೆರಾನ್ 200 ಮಿಲಿಗ್ರಾಂ ಕ್ಯಾಪ್ಸೂಲ್ ಯೋನಿಯೊಳಗೆ ಇಟ್ಕೊಳೋಕೆ ಹೇಳಿದ್ರು. ಬೆಳಿಗ್ಗೆ ಎದ್ರೆ ಅದು ಕರಗಿ ಎಣ್ಣೆ ಎಣ್ಣೆ ಥರ ಬಿಳಿ ಬಿಳಿ ಹೊರಗೆ ಬರುತ್ತೆ, ಔಷಧಿಯೆಲ್ಲ ಹೊರಗೇ ಹೋಯ್ತು ಅಂತ ಹೆದರ್ಕೋಬೇಡ, ರಾತ್ರಿಯೇ ಬೇಕಾದಷ್ಟು ಒಳಗೆ ಸೇರಿರುತ್ತೆ, ಒಂದು ಪ್ಯಾಡ್ ಇಟ್ಕೊಂಡ್ರೆ ಸಾಕು. ಆದ್ರೆ ನೀರಿನ ಹಾಗೆ ತೆಳ್ಳಗೆ ಇದ್ದು ಪ್ಯಾಡ್ ಬದಲಾಯಿಸಿದ್ರೂ ಮತ್ತೆ ಮತ್ತೆ ಒದ್ದೆ ಆಗ್ತಾ ಇದ್ರೆ ಅದು ಕ್ಯಾಪ್ಸೂಲ್ ಅಲ್ಲ, ತಕ್ಷಣ ಆಸ್ಪತ್ರೆಗೆ ಹೋಗ್ಬೇಕು. ನಂಗೆ 38 ವಾರಕ್ಕೆ ಹೆರಿಗೆ ಆಯ್ತು. ನಾದಿನಿಗೆ ಕೊಟ್ಟಿದ್ದು ನಾದಿನಿಗೆ, ನಿಂಗೆ ಏನು ಬೇಕೋ ಅದನ್ನ ನಿನ್ನ ಡಾಕ್ಟರೇ ಹೇಳ್ಬೇಕು.

ಪಾಠದಮೇಷ್ಟ್ರು:
ಮಳೆಹನಿ ಮೇಡಂ, ನಾನು ಡಾಕ್ಟರ್ ಅಲ್ಲ, ಶರೀರಶಾಸ್ತ್ರ ಪಾಠ ಮಾಡೋನು. ನಿಮ್ಮ ಡಾಕ್ಟರ್ ನಂಬರ್ ಬಿಟ್ಟು ಸ್ಕ್ಯಾನ್ ಯಾಕೆ ಕೇಳಿದ್ರು ಅನ್ನೋದನ್ನ ಮಾತ್ರ ಹೇಳ್ತೀನಿ.

ಮೊದಲ ಏಳೆಂಟು ವಾರ ಪ್ರೊಜೆಸ್ಟೆರಾನ್ ಬರೋದು ಅಂಡಾಶಯದಿಂದ, ಆಮೇಲೆ ಆ ಕೆಲಸ ಪ್ಲಾಸೆಂಟಾ ವಹಿಸ್ಕೊಳುತ್ತೆ. ಗರ್ಭಕೋಶದ ಸ್ನಾಯು ಹಿಂಡದೆ ಸುಮ್ನಿರೋ ಹಾಗೆ, ಬಾಯಿ ಬೇಗ ಮೆತ್ತಗಾಗದ ಹಾಗೆ ನೋಡ್ಕೊಳೋದು ಈ ಹಾರ್ಮೋನೇ. ಕುರಿಗಳಲ್ಲಿ ಹೆರಿಗೆಗೆ ಮುಂಚೆ ಮರಿಯ ಕಾರ್ಟಿಸಾಲ್ (ಒತ್ತಡದ ಹಾರ್ಮೋನ್) ಏರಿ, ತಾಯಿಯ ರಕ್ತದಲ್ಲಿ ಪ್ರೊಜೆಸ್ಟೆರಾನ್ ಇಳಿದುಹೋಗುತ್ತೆ. ನ್ಯೂಜಿಲೆಂಡಿನ ಲಿಗ್ಗಿನ್ಸ್ 1960ರ ದಶಕದಲ್ಲಿ ಇದರ ಮೇಲೆ ತುಂಬಾ ಕೆಲಸ ಮಾಡಿದ್ರು. ಮನುಷ್ಯರಲ್ಲೂ ಹೀಗೇ ಇರ್ಬೇಕು ಅಂತ ಬಹಳ ಜನ ಅಂದ್ಕೊಂಡಿದ್ರು, ಆದ್ರೆ ಹಾಗಿಲ್ಲ. ನಮ್ಮಲ್ಲಿ ನೋವು ಶುರುವಾದಾಗ್ಲೂ ರಕ್ತದಲ್ಲಿ ಪ್ರೊಜೆಸ್ಟೆರಾನ್ ಮೇಲೇನೇ ಇರುತ್ತೆ, ಮಾಸು ಬಿದ್ದ ಮೇಲಷ್ಟೇ ಇಳಿಯೋದು. ಬದಲಾಗೋದು ಆ ಹಾರ್ಮೋನಿನ ಮಾತನ್ನ ಸ್ನಾಯು ಕೇಳೋ ರೀತಿ. ಜೀವಕೋಶದಲ್ಲಿ ಪ್ರೊಜೆಸ್ಟೆರಾನ್ ಹಿಡ್ಕೊಳೋ ರಿಸೆಪ್ಟರ್‌ಗಳು ಎ ಮತ್ತು ಬಿ ಅಂತ ಎರಡು ಬಗೆ, ಬಿ ಸ್ನಾಯುವನ್ನ ಸುಮ್ನಿರಿಸುತ್ತೆ, ಹೆರಿಗೆ ಹತ್ತಿರ ಬಂದ ಹಾಗೆ ಎ ಜಾಸ್ತಿ ಆಗಿ ಬಿ ಕೆಲಸಕ್ಕೆ ಅಡ್ಡ ಬರುತ್ತೆ. ಹಾರ್ಮೋನ್ ಅಲ್ಲೇ ಇದ್ರೂ ಅದರ ಹಿಡಿತ ತಪ್ಪುತ್ತೆ, ಸ್ನಾಯುವನ್ನ ಹಿಂಡಿಸೋ ಆಕ್ಸಿಟೋಸಿನ್ ಹಾರ್ಮೋನಿನ ರಿಸೆಪ್ಟರ್‌ಗಳು ಹೆಚ್ಚುತ್ತೆ, ಪ್ರೊಸ್ಟಗ್ಲಾಂಡಿನ್ ಬಂದು ಬಾಯನ್ನ ಮೆತ್ತಗೆ ಮಾಡುತ್ತೆ. ರಕ್ತದ ಟೆಸ್ಟಲ್ಲಿ ಇದ್ಯಾವುದೂ ಕಾಣಲ್ಲ ಮೇಡಂ, ಜೊತೆಗೆ ಆ ನಂಬರ್ ಒಂದೇ ದಿನದಲ್ಲಿ ಮೇಲೆ ಕೆಳಗೆ ಆಗ್ತಿರುತ್ತೆ. ಬಾಯಿ ಚಿಕ್ಕದಾಗೋದು ಸ್ಕ್ಯಾನಲ್ಲಿ ಕಣ್ಣಿಗೇ ಕಾಣುತ್ತೆ, ಅದಕ್ಕೇ ಸ್ಕ್ಯಾನ್.

ನೀವು ಓದಿದ ಪ್ಲಾಸೆಂಟಾ ಹಾರ್ಮೋನ್ ಸಿಆರ್‌ಎಚ್ ಇರ್ಬೇಕು. 1995ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು, ಇದು ಬೇಗ ಏರಿದ ತಾಯಂದಿರಿಗೆ ಹೆರಿಗೇನೂ ಬೇಗ ಆಗೋ ಸಾಧ್ಯತೆ ಹೆಚ್ಚು ಅಂತ ತೋರಿಸಿದ್ರು, ಅಲ್ಲಿಂದ ಅದಕ್ಕೆ ಪ್ಲಾಸೆಂಟಾದ ಗಡಿಯಾರ ಅಂತ ಹೆಸರು ಬಂತು. ಆದ್ರೆ ದಿನ ತುಂಬಿ ಹೆತ್ತವರ ನಂಬರೂ ಮುಂಚೆ ಹೆತ್ತವರ ನಂಬರೂ ಒಂದರೊಳಗೊಂದು ಬೆರೆತೇ ಇರುತ್ತೆ, ಹಾಗಾಗಿ ಒಬ್ಬರ ರಿಪೋರ್ಟ್ ನೋಡಿ ನಿಮಗಿಂಥ ವಾರ ಅಂತ ಹೇಳೋಕಾಗಲ್ಲ, ಮಾಮೂಲಿ ತಪಾಸಣೇಲಿ ಈ ಟೆಸ್ಟ್ ಮಾಡಲ್ಲ.

ಟೆನ್ಷನ್ ವಿಷಯ. ಸಿಆರ್‌ಎಚ್ ಮೆದುಳಲ್ಲೂ ಬರುತ್ತೆ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಮೆದುಳಿನದ್ದನ್ನ ತಗ್ಗಿಸುತ್ತೆ, ಪ್ಲಾಸೆಂಟಾದ್ದನ್ನ ಮಾತ್ರ ಏರಿಸುತ್ತೆ, ಟೆನ್ಷನ್‌ನಿಂದ ಬೇಗ ಹೆರಿಗೆ ಆಗುತ್ತೆ ಅನ್ನೋ ಮಾತಿಗೆ ಮೂಲ ಇದೇ. ಬಹಳ ಕಾಲ ಎಳೆಯೋ ತೀವ್ರ ಒತ್ತಡ ಅಪಾಯವನ್ನ ಸ್ವಲ್ಪ ಹೆಚ್ಚಿಸೋದು ಉಂಟು. ಆದ್ರೆ ನಾಲ್ಕು ರಾತ್ರಿ ನಿದ್ದೆ ಬರ್ಲಿಲ್ಲ ಅಂತ ಹೆರಿಗೆ ಶುರುವಾಗಲ್ಲ, ಮಗ ಬೇಗ ಹುಟ್ಟಿದ್ದಕ್ಕೂ ನಿಮ್ಮ ಮನಸ್ಸನ್ನ ಹೊಣೆ ಮಾಡ್ಬೇಡಿ ದಯವಿಟ್ಟು. ನಿದ್ದೆ ಬರದೇ ಇರೋದನ್ನೂ ಡಾಕ್ಟರಿಗೆ ಹೇಳಿ.

ನೀಲಿಬಾಗಿಲು:
ಇಷ್ಟೆಲ್ಲ ಯಾಕೆ, ಹಾರ್ಮೋನ್ ತಾನೆ, ಮೈಯಲ್ಲೇ ಇರೋದು. ಇಂಜೆಕ್ಷನ್ ತಗೊಂಡುಬಿಡಿ, ಉಪಯೋಗ ಆಗ್ಲಿಲ್ಲ ಅಂದ್ರೂ ನಷ್ಟ ಏನಿಲ್ವಲ್ಲ.

ಹೆರಿಗೆವಾರ್ಡ್‌ಸಿಸ್ಟರ್:
ನೀಲಿಬಾಗಿಲು ಅವರೇ, ನೀವು ಒಳ್ಳೇದಕ್ಕೇ ಹೇಳಿದೀರ, ಆದ್ರೆ ಇದೇ ಮಾತಿಂದ ದೊಡ್ಡ ಅನಾಹುತ ಆಗಿದೆ. ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ ಅಂತ ಒಂದು ಕೃತಕ ಈಸ್ಟ್ರೋಜೆನ್, ಗರ್ಭ ನಿಲ್ಲಲಿ ಅಂತ ಅಮೆರಿಕಾದಲ್ಲಿ 1940ರ ದಶಕದಿಂದ ಬಸುರಿಯರಿಗೆ ಕೊಡ್ತಾ ಬಂದ್ರು. 1953ರಲ್ಲೇ ಒಂದು ದೊಡ್ಡ ಪರೀಕ್ಷೆ ಇದರಿಂದ ಉಪಯೋಗ ಇಲ್ಲ ಅಂತ ತೋರಿಸಿತ್ತು, ಆದ್ರೂ ನಿಲ್ಲಿಸ್ಲಿಲ್ಲ. 1971ರಲ್ಲಿ ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸ್ಕೊಂಡ ಮೇಲೆ ಬಸುರಿಯರಿಗೆ ಕೊಡಬೇಡಿ ಅಂತ ಎಚ್ಚರಿಕೆ ಬಂತು. ಆ ಹೆಣ್ಣುಮಕ್ಕಳು ದೊಡ್ಡವರಾಗಿ ಬಸುರಿ ಆದಾಗ ಅವರಲ್ಲೇ ದಿನ ತುಂಬದ ಹೆರಿಗೆಗಳು ಜಾಸ್ತಿ ಆದವು. ಪ್ರೊಜೆಸ್ಟೆರಾನ್ ಅಂಥದ್ದು ಅಂತ ನಾನು ಹೇಳ್ತಿಲ್ಲ, ಅದು ಬೇರೆ ಔಷಧಿ. ಆದ್ರೆ "ಹಾರ್ಮೋನ್ ತಾನೆ" ಅಂತ ಮಾತ್ರ ಯಾರೂ ಅನ್ಬಾರ್ದು.

ಇನ್ನು ಆ ವಾರದ ಇಂಜೆಕ್ಷನ್. ಅದು ಮಾಮೂಲಿ ಪ್ರೊಜೆಸ್ಟೆರಾನ್ ಅಲ್ಲ, 17-ಒಎಚ್‌ಪಿಸಿ ಅಂತ ಕೃತಕ ರೂಪ. ಮಕೇನಾ ಅನ್ನೋ ಹೆಸರಲ್ಲಿ 2011ರಲ್ಲಿ ಅಮೆರಿಕಾದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತ್ತು, ಮುಂದೆ ದೊಡ್ಡ ಪರೀಕ್ಷೆ ಮಾಡಿ ತೋರಿಸ್ಬೇಕು ಅನ್ನೋ ಷರತ್ತಿನ ಮೇಲೆ. 1,700ಕ್ಕೂ ಹೆಚ್ಚು ಹೆಂಗಸರ ಮೇಲೆ ಆ ಪರೀಕ್ಷೆ ಆಯ್ತು. 35 ವಾರದ ಮುಂಚೆ ಹೆತ್ತವರು ಇಂಜೆಕ್ಷನ್ ಗುಂಪಲ್ಲಿ ಶೇ. 11, ಔಷಧಿ ಇಲ್ಲದ ಸೂಜಿ ಗುಂಪಲ್ಲಿ ಶೇ. 11.5, ಅಂದ್ರೆ ವ್ಯತ್ಯಾಸವೇ ಇಲ್ಲ. 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ವಾಪಸ್ ತಗೊಂಡ್ರು. ನಿಮ್ಮ ನಾದಿನಿ ತಗೊಂಡಿದ್ದು ಇದೇನಾ ಅಂತ ಚೀಟಿ ನೋಡಿ.

ಯೋನಿಯೊಳಗೆ ಇಡೋ ಕ್ಯಾಪ್ಸೂಲಿನ ಕಥೆ ಬೇರೆ. 2007ರ ಒಂದು ಪರೀಕ್ಷೇಲಿ ಬಾಯಿ 15 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕದಿದ್ದವರಿಗೆ ರಾತ್ರಿ 200 ಮಿಲಿಗ್ರಾಂ ಕೊಟ್ರು. 34 ವಾರದ ಮುಂಚೆ ಹೆತ್ತವರು ಶೇ. 19, ಔಷಧಿ ಇಲ್ಲದ ಕ್ಯಾಪ್ಸೂಲ್ ತಗೊಂಡವರಲ್ಲಿ ಶೇ. 34. ಹಾಗಂತ ಎಲ್ಲರಿಗೂ ಅಲ್ಲ, ಅವಳಿ ಮಕ್ಕಳಿದ್ರೆ ಸಾಮಾನ್ಯವಾಗಿ ಪ್ರಯೋಜನ ಕಂಡಿಲ್ಲ. 24 ವಾರದೊಳಗೆ ಅಳತೆ 25 ಮಿಲಿಮೀಟರ್‌ಗಿಂತ ಕಮ್ಮಿ ಅಂದ್ರೆ ಚಿಕ್ಕದು ಅಂತ ಲೆಕ್ಕ. ಸ್ಕ್ಯಾನ್ ಯಾವಾಗಮ್ಮ?

ಮಳೆಹನಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಮೇಷ್ಟ್ರು ಬರೆದಿದ್ದನ್ನ ಗಂಡನಿಗೂ ಓದಿಸ್ದೆ. ಇವತ್ತು ಸ್ಕ್ಯಾನ್ ಆಯ್ತು, 23 ಮಿಲಿಮೀಟರ್. ಮೊದಲನೇದೂ ಬೇಗ ಆಗಿರೋದ್ರಿಂದ ಬಾಯಿಗೆ ಹೊಲಿಗೆ ಹಾಕ್ಬಹುದು ಇಲ್ಲಾ ಕ್ಯಾಪ್ಸೂಲ್ ಶುರು ಮಾಡ್ಬಹುದು, ಯೋಚಿಸಿ ನಾಳೆ ಹೇಳಿ ಅಂದಿದಾರೆ. ಮನೇಲಿ ಎಲ್ಲರೂ ಇನ್ಮೇಲೆ ಮಂಚ ಬಿಟ್ಟು ಏಳ್ಬೇಡ ಅಂತಿದಾರೆ. ಯಾವುದು ಸರಿ ಸಿಸ್ಟರ್?

ಹೆರಿಗೆವಾರ್ಡ್‌ಸಿಸ್ಟರ್:
ಸದ್ಯ, ಟೈಮಿಗೆ ಸರಿಯಾಗಿ ಗೊತ್ತಾಯ್ತು. ನಿಮ್ಮಂಥವರಿಗೆ ಎರಡೂ ದಾರಿ ಉಂಟು, ಒಂದು ಇನ್ನೊಂದಕ್ಕಿಂತ ಖಂಡಿತ ಮೇಲು ಅನ್ನೋಕೆ ಪುರಾವೆ ಇಲ್ಲ, ಅದಕ್ಕೇ ಡಾಕ್ಟರ್ ನಿಮ್ಮನ್ನೇ ಕೇಳಿರೋದು. ಹೊಲಿಗೆಗೆ ಅರಿವಳಿಕೆ ಬೇಕು, ಚಿಕ್ಕ ಆಪರೇಷನ್, ಸೋಂಕಿನ ಅಪಾಯ ಸ್ವಲ್ಪ ಇರುತ್ತೆ. ಕ್ಯಾಪ್ಸೂಲ್‌ಗೆ ಅದ್ಯಾವುದೂ ಬೇಡ, ಆದ್ರೆ ಒಂದು ರಾತ್ರೀನೂ ತಪ್ಪಿಸ್ದೆ ವಾರಗಟ್ಟಲೆ ಇಡ್ಬೇಕು. ಕ್ಯಾಪ್ಸೂಲ್ ಆರಿಸ್ಕೊಂಡ್ರೆ ಅಳತೆ ಮತ್ತೆ ಯಾವಾಗ ನೋಡ್ತೀರ, ಇನ್ನೂ ಚಿಕ್ಕದಾದ್ರೆ ಹೊಲಿಗೆ ಹಾಕ್ತೀರಾ, ಔಷಧಿ ಎಷ್ಟನೇ ವಾರದವರೆಗೆ, ಇದಿಷ್ಟನ್ನೂ ನಾಳೆ ಕೇಳಿ.

ಮಂಚ ಹಿಡಿಯೋದು ಬೇಡ. ಮಲಗೇ ಇದ್ರೆ ಹೆರಿಗೆ ಮುಂದೆ ಹೋಗುತ್ತೆ ಅಂತ ಯಾವ ಪರೀಕ್ಷೇಲೂ ಸಾಬೀತಾಗಿಲ್ಲ, ಬದಲಿಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಇದೆ. ಭಾರ ಎತ್ತೋದು, ಗಂಡ ಹೆಂಡತಿ ಸೇರೋದು ಇವನ್ನ ಮಾತ್ರ ಡಾಕ್ಟರನ್ನ ಕೇಳ್ಕೊಳ್ಳಿ, ನಾಚ್ಕೋಬೇಡಿ. ಉಚ್ಚೆ ಉರಿ ಇದ್ರೂ ಹೇಳಿ, ಸೋಂಕಿಂದಲೂ ಪ್ರೊಸ್ಟಗ್ಲಾಂಡಿನ್ ಏರಿ ನೋವು ಶುರುವಾಗುತ್ತೆ.

ಹೊಟ್ಟೆ ಬಿಟ್ಟು ಬಿಟ್ಟು ಒಂದೇ ಲೆಕ್ಕದಲ್ಲಿ ಗಟ್ಟಿ ಆಗ್ತಿದ್ರೆ, ಸೊಂಟದಲ್ಲಿ ಹೊಸದಾಗಿ ನೋವು ಬಂದು ಹೋಗ್ತಿದ್ರೆ, ಕೆಳಗೆ ಒತ್ತಿದ ಹಾಗಾದ್ರೆ, ನೀರು ಅಥವಾ ರಕ್ತ ಹೋದ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಿ, ಹೊರಟುಬಿಡಿ. ಮುಂಚೆ ಬಂದ್ರೆ ನಮ್ಮ ಕೈಲಿ ಮಾಡೋಕೆ ತುಂಬಾ ಇರುತ್ತೆ. 34 ವಾರದೊಳಗೆ ಹೆರಿಗೆ ಆಗೋ ಹಾಗಿದ್ರೆ ಪಾಪು ಶ್ವಾಸಕೋಶ ಬಲಿಯೋಕೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತೀವಿ, ಬೀಟಾಮೆಥಸೋನ್ ಆದ್ರೆ 24 ಗಂಟೆ ಅಂತರದಲ್ಲಿ ಎರಡು. ಮೇಷ್ಟ್ರು ಹೇಳಿದ ಲಿಗ್ಗಿನ್ಸ್ ಅವರೇ ಹೋವಿ ಅನ್ನೋರ ಜೊತೆ ಸೇರಿ 1972ರಲ್ಲಿ ಇದು ಮಕ್ಕಳ ಉಸಿರಾಟದ ತೊಂದರೆ ತಗ್ಗಿಸುತ್ತೆ ಅಂತ ತೋರಿಸಿದ್ದು, ಅದೂ ಹಾರ್ಮೋನೇ. ಎರಡೂ ಡೋಸ್ ಮುಗಿಯೋಷ್ಟು ಟೈಮ್ ನಮಗೆ ಸಿಗ್ಬೇಕು, ಅದಕ್ಕೇ ಬೇಗ ಬನ್ನಿ ಅಂತ ಇಷ್ಟು ಒತ್ತಿ ಹೇಳ್ತಿರೋದು. ನಾಳೆ ಏನು ತೀರ್ಮಾನ ಆಯ್ತು ಅಂತ ಇಲ್ಲೇ ಬರೀರಿ, ನೋಡ್ತಿರ್ತೀನಿ.